ಬೆನ್ನ ಮೇಲಿನ ನಿದ್ದೆ

ಮರಾಠಿ ಸೀಮೆಯ ನಿಗಡಿಯಲ್ಲಿ ಏಳು ಮಹಡಿಯ ಕಟ್ಟಡವೊಂದು ಇನ್ನೂ ನಾಲ್ಕನೆಯ ಮಹಡಿಯಲ್ಲಿದ್ದಾಗ, ಅದರ ಬುಡದಲ್ಲಿದ್ದ ತಗಡಿನ ಶೆಡ್ಡಿಗೆ ತುಮೈನಿ ಬಂದಳು. ಅವಳ ಊರು ತಾಂಜಾನಿಯಾ ದೇಶದ ಕಿಲಿಮಂಜಾರೋ ಬೆಟ್ಟದ ಇಳುಕಲಿನ ಒಂದು ಹಳ್ಳಿ. ಅಲ್ಲಿಯ ಚರ್ಚಿಗೂ ನಿಗಡಿಯ ಚರ್ಚಿಗೂ ಹಳೆಯ ಸ್ನೇಹ. ವರ್ಷಕ್ಕೊಬ್ಬರು ಅಲ್ಲಿಂದ ನಾಲ್ಕು ತಿಂಗಳ ಸೇವೆಗೆಂದು ಬರುತ್ತಿದ್ದರು. 1999ರ ಪಾಳಿ ಇವಳದು. ಆಗಷ್ಟೇ ಬಿ.ಎ. ಮುಗಿಸಿದ್ದ ಹುಡುಗಿ, ನಾಲ್ಕು ಜನ ಕೂತ ಕಡೆ ಐದನೆಯವಳಾಗಿ ಕೂರಲೂ ಹಿಂಜರಿಯುವವಳು. ನಿನಗೆ ಏನೇನು ಬರುತ್ತದೆ ಎಂದು ಇಲ್ಲಿಯ ಪಾಸ್ಟರು ಕೇಳಿದಾಗ ಬಹಳ ಹೊತ್ತು ನೆಲ ನೋಡಿ, ಡೈರಿ ಬರೆಯಲು ಬರುತ್ತದೆ ಎಂದಿದ್ದಳಂತೆ.

ಅಂಥವಳನ್ನು ಹಾಡು ಕಲಿಸಲು ಬಾಲವಾಡಿಗೆ ಹಾಕಿದರು. ಕಟ್ಟಡದ ಕೂಲಿಯವರ ಮಕ್ಕಳಿಗಾಗಿ ಚರ್ಚು ಆ ಶೆಡ್ಡಿನಲ್ಲಿ ನಡೆಸುತ್ತಿದ್ದ ಬಾಲವಾಡಿ ಅದು. ನೋಡಿಕೊಳ್ಳುತ್ತಿದ್ದವಳು ರಂಗೂಬಾಯಿ ಎಂಬ ಮರಾಠಿ ವಿಧವೆ. ತುಮೈನಿಗೆ ತನ್ನ ಮನೆಯಲ್ಲೇ ಕೋಣೆ ಕೊಟ್ಟಿದ್ದಳು. ಚರ್ಚಿನವರು ಮರಾಠಿ ಕಲಿಯುವ ಪುಸ್ತಕವನ್ನೂ ಕೊಟ್ಟಿದ್ದರು. ಆದರೆ ಶೆಡ್ಡಿನ ಮಕ್ಕಳೆಲ್ಲ ಸುರಪುರದ ಕಡೆಯವರ ಮಕ್ಕಳು. ಅವರ ತಾಯಂದಿರು ಇಂಜಿನಿಯರನ ಹತ್ತಿರ ಮರಾಠಿ ಮಾತಾಡಿ, ತಿರುಗಿದೊಡನೆ ಕನ್ನಡಕ್ಕೆ ಬರುತ್ತಿದ್ದರು. ಹೀಗಾಗಿ ಪುಸ್ತಕ ಚೀಲದಲ್ಲೇ ಉಳಿಯಿತು, ತುಮೈನಿಯ ಕಿವಿಗೆ ಮಾತ್ರ ‘ಬಾರಬೇ’, ‘ಒಲ್ಲೆ’, ‘ಹಸಿವಾಗ್ಯದ’ ಎಂಬ ಮಾತುಗಳು ಒಂದೊಂದೇ ಅಂಟಿಕೊಂಡವು. ಕಿವಿಗೆ ಬಂದದ್ದು ಬಾಯಿಗೆ ಬರಲು ಮಾತ್ರ ನಾಚಿಕೆ ಅಡ್ಡ ನಿಲ್ಲುತ್ತಿತ್ತು.

ಮೂರನೆಯ ವಾರ ನಲ್ಲಿ ಬತ್ತಿ, ಕರೆಸಿದ ನೀರಿನ ಟ್ಯಾಂಕರು ದೂರ ನಿಂತಿತ್ತು. ಹೆಂಗಸರೆಲ್ಲ ಕೊಡ ಹೊತ್ತು ಸಾಲಾಗಿ ಹೊರಟಾಗ ತುಮೈನಿಯೂ ಒಂದು ಕೊಡ ತುಂಬಿಸಿ, ಸಿಂಬಿ ಇಲ್ಲದೆಯೇ ತಲೆಯ ಮೇಲೇರಿಸಿ, ಎರಡೂ ಕೈ ಬೀಸಿಕೊಂಡು ನಡೆದುಬಂದಳು. ತನ್ನೂರಿನಲ್ಲಿ ಏಳನೆಯ ವಯಸ್ಸಿನಿಂದ ಮಾಡಿದ ಕೆಲಸ; ಅದರಲ್ಲೇನು ವಿಶೇಷವೆಂದು ಅವಳಿಗೆ ಹೊಳೆಯಲೇ ಇಲ್ಲ. ಹೆಂಗಸರು ಮಾತ್ರ ನಿಂತಲ್ಲೇ ನಿಂತರು. ಮೂರನೆಯ ಮಹಡಿಗೆ ಸಿಮೆಂಟಿನ ಬುಟ್ಟಿ ಹೊರುವ ಶರಣಮ್ಮ ಹತ್ತಿರ ಬಂದು, ತನ್ನ ಮುಂಗೈಯನ್ನು ಅವಳ ಮುಂಗೈಗೆ ಹಚ್ಚಿ ನೋಡಿದಳು.

“ನನ್ನ ಗಂಡ ದಿನಾ ಕರೇಕಿ ಕರೇಕಿ ಅಂತಾನ್ರೆ. ಇವತ್ತ ಕರಕೊಂಡು ಬಂದು ಈ ತುಮಕ್ಕನ್ನ ತೋರಸ್ತೀನಿ. ನಾನೇ ಬೆಳ್ಳಗ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅರ್ಧ ಅರ್ಥವಾಗದಿದ್ದರೂ ತುಮೈನಿಯೂ ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದು. ಅಂದಿನಿಂದ ಅವಳು ತುಮಕ್ಕನಾದಳು. ಮಧ್ಯಾಹ್ನ ಯಾರಾದರೊಬ್ಬರು ಜೋಳದ ರೊಟ್ಟಿಯಲ್ಲಿ ಶೇಂಗಾ ಚಟ್ನಿ ಸುತ್ತಿ ಅವಳ ಕೈಗಿಡುತ್ತಿದ್ದರು. ಸಂಜೆ ಹುಡುಗಿಯರು ತಲೆ ಒಡ್ಡಿ ಸಾಲಾಗಿ ಕೂರುತ್ತಿದ್ದರು. ಅವಳು ಹೆಣೆದ ಹತ್ತಾರು ಸಣ್ಣ ಜಡೆಗಳನ್ನು ಬಿಚ್ಚಲಾಗದೆ ತಾಯಂದಿರು ಮೂರು ದಿನ ಬೈಯುತ್ತಿದ್ದರು. ಬಚ್ಚಲಿಲ್ಲದ ಆ ಶೆಡ್ಡಿನಲ್ಲಿ ಹನ್ನೊಂದು ಮಕ್ಕಳ ಕಾಲು ತೊಳೆಯುವಾಗ ಅವು ಕಚಗುಳಿಗೆ ಕಿರುಚುವ ಸದ್ದನ್ನು ಡೈರಿಯಲ್ಲಿ ಹೇಗೆ ಬರೆಯುವುದೆಂದು ಅವಳು ಒಂದು ವಾರ ಒದ್ದಾಡಿ, ಕೊನೆಗೆ ಬರೆಯದೆಯೇ ಬಿಟ್ಟಳು.

ಸಂತೋಷವಿಲ್ಲದ ಜೀವವೆಂದರೆ ಒಂದೇ, ಶರಣಮ್ಮನ ಎಂಟು ತಿಂಗಳ ಮಗಳು ಸೋನಾಲಿ. ಸೀರೆಯ ತೊಟ್ಟಿಲಿಗೆ ಹಾಕಿದರೆ ಅಳು, ತೆಗೆದರೆ ಅಳು. ಶೆಡ್ಡಿನ ಆಚೆ ಕಾಂಕ್ರೀಟು ಕಲಸುವ ಯಂತ್ರ ಗುಡುಗಿದಾಗಲೆಲ್ಲ ಬೆಚ್ಚಿಬಿದ್ದು ಮತ್ತೆ ಶುರು. ರಂಗೂಬಾಯಿ ಎತ್ತಿದರೂ ಸುಮ್ಮನಾಗದು. ಶರಣಮ್ಮ ದಿನಕ್ಕೆ ನಾಲ್ಕೈದು ಸಲ ಬುಟ್ಟಿ ಇಳಿಸಿ ಮೂರು ಮಹಡಿ ಓಡಿ ಬರುತ್ತಿದ್ದಳು. ಕೂಲಿಯವರ ಮೇಲ್ವಿಚಾರಣೆಯ ಮುಕಾದಮ ಸಂಕಪ್ಪ ಅವರ ಕಡೆಯವನೇ, ಕೆಟ್ಟವನಲ್ಲ. ಆದರೂ ಒಂದು ಬುಟ್ಟಿ ನಿಂತರೆ ಇಡೀ ಸಾಲು ನಿಲ್ಲುತ್ತದೆ, ಕೂಸಿಗೊಂದು ವ್ಯವಸ್ಥೆ ಮಾಡು, ಇಲ್ಲವೇ ಮನೆಯಲ್ಲಿರು ಎಂದು ಹೇಳಿಬಿಟ್ಟ.

ವ್ಯವಸ್ಥೆಯೆಂದರೆ ಅತ್ತೆ. ಊರಿನಿಂದ ಮರೆಮ್ಮ ಬಂದಿಳಿದಳು. ಭಾನುವಾರ ಮಧ್ಯಾಹ್ನದ ರೈಲಿಗೆ ಕೂಸನ್ನು ಯಾದಗಿರಿಗೆ ಕರೆದೊಯ್ಯುವುದೆಂದು ಗೊತ್ತಾಯಿತು. ನೀನೇ ಇಲ್ಲಿದ್ದು ನೋಡಿಕೋ ಎನ್ನುವಂತಿರಲಿಲ್ಲ. ಎರಡು ವರ್ಷದ ಹಿಂದೆ ಬಿದ್ದಾಗಿನಿಂದ ಮುದುಕಿಗೆ ಎಡಸೊಂಟ ಹಿಡಿಯುತ್ತಿತ್ತು. ಕೂಸನ್ನು ಬಗಲಿಗೆ ಹಾಕಿಕೊಂಡು ಹತ್ತು ಹೆಜ್ಜೆ ನಡೆದರೆ ಹನ್ನೊಂದನೆಯದಕ್ಕೆ ಗೋಡೆ ಬೇಕು. ಊರಲ್ಲಾದರೆ ಎತ್ತಿ ಆಡಿಸಲು ಮಗಳಿದ್ದಾಳೆ. ಶರಣಮ್ಮ ಎಲ್ಲದಕ್ಕೂ ಹೂಂ ಎಂದಳು. ಎಂದವಳು ಆ ದಿನ ರೊಟ್ಟಿ ಮುಟ್ಟಲಿಲ್ಲ.

ತುಮೈನಿ ಇದನ್ನೆಲ್ಲ ಮೂಲೆಯಲ್ಲಿ ಕೂತು ಕೇಳಿಸಿಕೊಂಡಳು. ಅವಳ ಚೀಲದಲ್ಲಿ ತಾಯಿ ಕೊಟ್ಟ ಅಗಲದ ಹೂವಿನ ಬಟ್ಟೆಯೊಂದಿತ್ತು. ಅವಳ ಊರಲ್ಲಿ ಅದು ಹೆಂಗಸರ ಉಡುಗೆಯೂ ಹೌದು, ಹೊದಿಕೆಯೂ ಹೌದು, ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವ ಜೋಲಿಯೂ ಹೌದು. ತಮ್ಮ ತಂಗಿಯರನ್ನೆಲ್ಲ ಹಾಗೆ ಹೊತ್ತೇ ಬೆಳೆಸಿದವಳು ಅವಳು. ಇಲ್ಲಿ ಯಾರೂ ಹಾಗೆ ಕಟ್ಟಿಕೊಳ್ಳುವುದನ್ನು ಕಂಡಿರಲಿಲ್ಲ. ಕಟ್ಟಿದರೆ ಎಲ್ಲರೂ ತನ್ನನ್ನೇ ನೋಡುತ್ತಾರೆ ಎಂಬ ಒಂದೇ ಭಯಕ್ಕೆ ಮೂರು ತಿಂಗಳು ಆ ಬಟ್ಟೆಯನ್ನು ಮಕ್ಕಳಿಗೆ ಹಾಸಲು ಬಳಸಿದ್ದಳು.

ಬುಧವಾರ ರಂಗೂಬಾಯಿ ಸೀಮೆಎಣ್ಣೆಗೆ ಹೋಗಿದ್ದಳು. ಮರೆಮ್ಮ ಗುಡಿಸಲಿನಲ್ಲಿ ಅಡ್ಡಾಗಿದ್ದಳು. ಯಂತ್ರ ಗುಡುಗಿತು, ಸೋನಾಲಿ ಶುರುಮಾಡಿದಳು. ತುಮೈನಿ ತಲೆಯೆತ್ತಿದರೆ ಮೂರನೆಯ ಮಹಡಿಯ ಅಂಚಿನಲ್ಲಿ ಶರಣಮ್ಮ, ತಲೆಯ ಮೇಲೆ ಬುಟ್ಟಿ. ಇಳಿದು ಬರಲಾರದೆ, ಕಣ್ಣು ತೆಗೆಯಲಾರದೆ ನಿಂತಿದ್ದಾಳೆ. ಅವಳ ಹಿಂದೆ ಸಂಕಪ್ಪ. ತುಮೈನಿ ನೆಲದ ಬಟ್ಟೆ ಕೊಡವಿದಳು. ಸೊಂಟ ಬಾಗಿಸಿ ಕೂಸನ್ನು ಬೆನ್ನಮೇಲೆ ಜಾರಿಸಿ, ಬಟ್ಟೆ ಎಳೆದು, ಅದರ ಕುಂಡೆಯ ಕೆಳಗೆ ಸಿಕ್ಕಿಸಿ, ಎದೆಯ ಮೇಲೆ ಗಂಟು ಹಾಕಿ ಬಿಸಿಲಿಗೆ ಹೊರಬಂದಳು. ಮರಳಿನ ಗುಡ್ಡೆಗೆ ಎರಡು ಸುತ್ತು ಹಾಕುವಷ್ಟರಲ್ಲಿ ಅಳು ಬಿಕ್ಕಾಯಿತು. ಮೂರನೆಯ ಸುತ್ತಿಗೆ ಸಣ್ಣ ಕೆನ್ನೆಯೊಂದು ಅವಳ ಬೆನ್ನೆಲುಬಿಗೆ ಒರಗಿ ಭಾರವಾಯಿತು. ಮೇಲೆ ನೋಡಿದಳು. ಶರಣಮ್ಮ ಇರಲಿಲ್ಲ, ಬುಟ್ಟಿಯ ಸಾಲು ಚಲಿಸುತ್ತಿತ್ತು.

ಎದ್ದು ಬಂದ ಮರೆಮ್ಮನಿಗೆ ಮಾತ್ರ ಇದು ಸರಿಬೀಳಲಿಲ್ಲ.

“ಅಯ್ಯ, ಇದೇನ ಇದು. ಕಣ್ಣಿಗೆ ಕಾಣದ ಕಡೆ ಕೂಸನ್ನ ಹೊರ್ತಾರೇನು? ಜ್ವಾಳದ ಚೀಲ ಮಾಡ್ಯಾಳಲ್ಲ ನನ್ನ ಮೊಮ್ಮಗಳನ್ನ.”

ಜೋಳದ ಚೀಲ ಎರಡು ತಾಸು ನಿದ್ದೆ ಮಾಡಿತು. ಗುರುವಾರವೂ ಮಾಡಿತು, ಶುಕ್ರವಾರವೂ ಮಾಡಿತು. ಯಂತ್ರ ಗುಡುಗಿದರೆ ಕಣ್ಣು ತೆರೆದು, ಬೆನ್ನು ಅಲ್ಲೇ ಇದೆಯೆಂದು ನೋಡಿ, ಮತ್ತೆ ಮುಚ್ಚುತ್ತಿತ್ತು. ತುಮೈನಿ ಅದನ್ನು ಹೊತ್ತೇ ಮಕ್ಕಳ ಕಾಲು ತೊಳೆದಳು, ಹೊತ್ತೇ ಹಾಡು ಹೇಳಿಸಿದಳು. ಶುಕ್ರವಾರ ಸಂಜೆ ಶರಣಮ್ಮ ಧೈರ್ಯ ಮಾಡಿ, ಕೂಸು ಇಲ್ಲೇ ಇರಲಿ ಎಂದು ಅತ್ತೆಯ ಮುಂದೆ ಹೇಳಿಯೂ ಬಿಟ್ಟಳು.

ಮರೆಮ್ಮ ಎಲೆಯಡಿಕೆ ಮೆಲ್ಲುತ್ತಲೇ ಉತ್ತರ ಕೊಟ್ಟಳು. “ಈ ಹುಡುಗಿ ಭಾಳ ಚೊಲೋ ಅದಾಳ, ಇಲ್ಲನಂಗಿಲ್ಲ. ಮುಂದಿನ ತಿಂಗಳ ಇಮಾನ ಹತ್ತಿ ತನ್ನ ದೇಶಕ್ಕ ಹೋಗ್ತಾಳ. ಆವಾಗ ಯಾರ ಬೆನ್ನ ಹುಡುಕ್ತಿ? ಬೆನ್ನ ರುಚಿ ಹತ್ತಿದ ಮ್ಯಾಲ ತೊಟ್ಲಕ್ಕ ಮಲಗ್ತದೇನ ಇದು?”

ಅವಳು ಹೇಳಿದ್ದು ನಿಜವಾಗಿತ್ತು. ರಂಗೂಬಾಯಿ ತನ್ನ ಹರಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಾಗಲೇ ತುಮೈನಿಗೆ ಅದು ತಿಳಿದದ್ದು. ಉಪಕಾರವೆಂದು ಮಾಡಿದ್ದು ಅಪಕಾರವೇ ಆಯಿತೇ? ರಾತ್ರಿಯ ಡೈರಿಯಲ್ಲಿ ಒಂದೇ ಸಾಲು ಬರೆದಳು, ಅದನ್ನೂ ಹೊಡೆದುಹಾಕಿದಳು.

ಶನಿವಾರ ಬೆಳಿಗ್ಗೆ ಅವಳು ಬರುವಷ್ಟರಲ್ಲಿ ಮರೆಮ್ಮ ಕೂಸನ್ನು ಬಗಲಿಗೇರಿಸಿಕೊಂಡು ನಲ್ಲಿಯತ್ತ ಹೋಗುತ್ತಿದ್ದಳು. ಎಡಕ್ಕೆ ವಾಲಿ, ನಿಂತು, ಬಲಕ್ಕೆ ಬದಲಿಸಿ, ಮತ್ತೆ ನಿಂತು. ತುಮೈನಿ ನೋಡುತ್ತಲೇ ಇದ್ದಳು. ಭಾರವೆಲ್ಲ ಒಂದೇ ಪಕ್ಕಕ್ಕೆ ಬಿದ್ದದ್ದರಿಂದ ಸೊಂಟ ಹಿಡಿಯುತ್ತಿದೆ; ಅದೇ ಭಾರ ಬೆನ್ನ ನಡುವೆ ಕೂತರೆ? ಅವಳ ಅಜ್ಜಿ ಎಪ್ಪತ್ತರಲ್ಲೂ ಮಗು ಹೊತ್ತು ಗುಡ್ಡ ಹತ್ತಿದವಳು. ಹೊಳೆದದ್ದೇನೋ ಹೊಳೆಯಿತು. ಹೇಳಬೇಕಲ್ಲ, ಅದೂ ಕನ್ನಡದಲ್ಲಿ, ಅದೂ ಈ ಮುದುಕಿಗೆ. ಹೇಳದಿದ್ದರೆ ನಾಳೆ ರೈಲು. ಬೆಳಗಿನಿಂದ ಊಟದ ಹೊತ್ತಿನವರೆಗೆ ಆ ಮಾತನ್ನು ಮಕ್ಕಳ ಕಿವಿಗೂ ಬೀಳದಂತೆ ಬಾಯಲ್ಲೇ ಉರುಳಿಸಿದಳು.

ಹೆಂಗಸರು ಬುತ್ತಿ ಬಿಚ್ಚಿ ಗುಂಪಾಗಿ ಕೂತಿದ್ದರು. ತುಮೈನಿ ನಡುವೆ ಬಂದು ನಿಂತಳು.

“ಅವ್ವ, ನೀ ಹೊರು. ನಾ ಕಲಿಸ್ತೀನಿ.”

ತುಮಕ್ಕನ ಬಾಯಿಂದ ಕನ್ನಡದ ಇಡೀ ಒಂದು ಮಾತು ಬಂದದ್ದು ಅದೇ ಮೊದಲು. ಎಲ್ಲರೂ ಅಗಿಯುವುದನ್ನು ನಿಲ್ಲಿಸಿದರು. ಮರೆಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಲವತ್ತು ವರ್ಷ ಕೂಸು ಹೊತ್ತವಳಿಗೆ ಕೂಸು ಹೊರಲು ಕಲಿಸಲು ಸಮುದ್ರ ದಾಟಿ ಬಂದಿದ್ದಾಳೆ ನೋಡಿ ಎಂದು ಎಲ್ಲರಿಗೂ ಹೇಳಿದಳು. ಆದರೂ ಎದ್ದಳು.

ಮೊದಲು ಹಿಟ್ಟಿನ ಚೀಲ ಕಟ್ಟಿ ನೋಡಿದರು. ಗಂಟು ಸಡಿಲಾಗಿ ಚೀಲ ಜಾರಿತು, ನೆಲವೂ ಬೆಳ್ಳಗೆ, ಮರೆಮ್ಮನ ಹಿಮ್ಮಡಿಯೂ ಬೆಳ್ಳಗೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕಾಗ ಮುದುಕಿಗೆ ಹಟ ಬಂತು. ಎರಡನೆಯ ಸಲ ತಾನೇ ಗಂಟು ಹಾಕಿದಳು. ಮೂರನೆಯ ಸಲ ತುಮೈನಿಯ ಕೈ ತಳ್ಳಿ ತಾನೇ ಬಾಗಿದಳು. ನಾಲ್ಕನೆಯ ಸಲ ಚೀಲದ ಬದಲು ಸೋನಾಲಿ. ತುಮೈನಿ ಹಿಂದೆ ಕೈಯೊಡ್ಡಿಕೊಂಡೇ ನಡೆದಳು, ಶರಣಮ್ಮ ಪಕ್ಕದಲ್ಲೇ ನಡೆದಳು. ಮರೆಮ್ಮ ನಲ್ಲಿಯವರೆಗೆ ಹೋದಳು. ಅಲ್ಲಿ ಗೋಡೆಗೆ ಕೈಚಾಚಿ, ಹಿಡಿಯದೆಯೇ ಕೈ ಇಳಿಸಿದಳು. ತಿರುಗಿ ಬಂದಳು.

“ಸೊಂಟ ಹಿಡೀಲಿಲ್ಲ,” ಎಂದಳು ಮೆಲ್ಲಗೆ, ಯಾರಿಗೂ ಅಲ್ಲವೆಂಬಂತೆ.

ಹೋಗುತ್ತೇನೆ ಎನ್ನಲಿಲ್ಲ, ಇರುತ್ತೇನೆ ಎಂದೂ ಅನ್ನಲಿಲ್ಲ. ಕೇಳುವ ಧೈರ್ಯ ಸೊಸೆಗೂ ಇರಲಿಲ್ಲ.

ಭಾನುವಾರ ಚರ್ಚಿನಲ್ಲಿ ತುಮೈನಿಯ ಬಾಯಲ್ಲಿ ಹಾಡು, ಕಣ್ಣು ಗಡಿಯಾರದ ಮುಳ್ಳಿನ ಮೇಲೆ. ಆರಾಧನೆಯ ನಂತರ ರಂಗೂಬಾಯಿ ಅವಳನ್ನು ಉಡುಪಿ ಹೋಟೆಲಿಗೆ ಕರೆದೊಯ್ದಳು. ಪ್ರತಿ ವಾರ ಚಟ್ನಿ ಎರಡು ಸಲ ಹಾಕಿಸಿಕೊಳ್ಳುತ್ತಿದ್ದ ತುಮೈನಿ ಅಂದು ದೋಸೆಯನ್ನು ಅರ್ಧಕ್ಕೇ ಬಿಟ್ಟಳು. ಆ ಹೊತ್ತಿಗೆ ರೈಲು ಹೊರಟಿರಬೇಕು.

ಸೋಮವಾರ ಶೆಡ್ಡಿನೊಳಗೆ ಕಾಲಿಟ್ಟಾಗ ಸೋನಾಲಿಯ ಸೀರೆಯ ತೊಟ್ಟಿಲು ಇರಲಿಲ್ಲ. ಬಿಚ್ಚಿದ ಹಗ್ಗ ಮಾತ್ರ ತೊಲೆಯಿಂದ ಜೋತುಬಿದ್ದಿತ್ತು. ತುಮೈನಿ ಅದರ ಕೆಳಗೇ ನಿಂತುಬಿಟ್ಟಳು. ರಂಗೂಬಾಯಿ ಏನೋ ಹೇಳಿದ್ದು ಅವಳ ಕಿವಿಗೆ ಹೋಗಲಿಲ್ಲ.

ಅಷ್ಟರಲ್ಲಿ ಹೊರಗೆ ಸಂಕಪ್ಪನ ದನಿ ಕೇಳಿತು, ಅದಕ್ಕಿಂತ ಜೋರಾದ ಇನ್ನೊಂದು ದನಿಯೂ ಕೇಳಿತು. ಯಂತ್ರದ ಹತ್ತಿರ ಓಡಾಡಬೇಡ ಎಂದು ಅವನು, ಓಡಾಡುವವರ ದಾರಿಯಲ್ಲಿ ಯಂತ್ರ ಇಟ್ಟವರು ಯಾರು ಎಂದು ಇವಳು. ತುಮೈನಿ ಓಡಿ ಬಂದು ನೋಡಿದರೆ ಮರಳಿನ ಗುಡ್ಡೆಯ ಆಚೆಯಿಂದ ಮರೆಮ್ಮ ಬರುತ್ತಿದ್ದಾಳೆ. ತೊಟ್ಟಿಲಿನ ಹಳೆಯ ಇಳಕಲ್ ಸೀರೆಯನ್ನೇ ಎರಡಾಗಿ ಹರಿದು ಕೂಸನ್ನು ಬೆನ್ನಿಗೆ ಬಿಗಿದಿದ್ದಾಳೆ. ಎರಡೂ ಕೈ ಖಾಲಿ; ಒಂದರಿಂದ ಸಂಕಪ್ಪನಿಗೆ ಬೆರಳು ತೋರಿಸುತ್ತಿದ್ದಾಳೆ. ಮೂರನೆಯ ಮಹಡಿಯಲ್ಲಿ ಶರಣಮ್ಮ ಬುಟ್ಟಿ ಹೊತ್ತು ಹಾಯ್ದುಹೋದಳು, ಕೆಳಗೆ ನೋಡುವ ಗೋಜಿಗೇ ಹೋಗದೆ.

ತುಮೈನಿಯ ಹೊಟ್ಟೆಯೊಳಗಿಂದ ನಗು ಎದ್ದಿತು. ಬಾಯಿಗೆ ಕೈ ಅಡ್ಡ ಬರುವ ಮೊದಲೇ ಅದು ಹೊರಗೆ ಬಂದು, ತಗಡಿನ ಶೆಡ್ಡಿಗೆ ಬಡಿದು, ಕೆಲಸದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೇಳಿತು.

ಮರೆಮ್ಮ ತುಟಿಯ ಮೇಲೆ ಬೆರಳಿಟ್ಟು ಗದರಿದಳು. “ಏ ತುಮಕ್ಕ, ಎಷ್ಟ ಗದ್ಲ ಮಾಡ್ತಿಬೇ. ಕೂಸು ಮಲಗ್ಯದ.”