ಕೆಂಪು ದಾರದ ಟೋಪಿ

ಬಚ್ಚಲಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಮೂಗಿ ಮೈಕಿನ ಟೋಪಿ ತೊಳೆಯುತ್ತಿದ್ದಳು. ಮೈಕಿನ ತಲೆಗೆ ಸಿಕ್ಕಿಸುವ ಕಪ್ಪು ಸ್ಪಂಜಿನ ಟೋಪಿಗಳು ಅವು. ಸೋಪಿನ ನೀರಲ್ಲಿ ಅದ್ದಿ ಹಿಂಡಿದರೆ ಹಾಡಿದವರ ಎಂಜಲು, ತುಟಿಗೆ ಹಚ್ಚಿದ ಬಣ್ಣ, ಎಲ್ಲ ನೊರೆಗೆ ಬರುತ್ತಿತ್ತು. ನಾಲ್ಕು ಟೋಪಿಗೆ ಒಂದು ಬಕೆಟ್ಟು. ಐದನೆಯದಕ್ಕೆ ಒಡೆದ ಮಗ್ಗು. ಆ ಟೋಪಿಯ ಬುಡದಲ್ಲಿ ಕೆಂಪು ದಾರದ ಗಂಟಿತ್ತು. ಅದು ಅವಳದು.

ಗಂಟು ಹಾಕಿದವನು ಮೈಕಿನವನು. ಅವಳು ಈ ಸಂಗೀತದ ಹಾಲ್‌ನಲ್ಲಿ ಮೊದಲ ಸಲ ಹಾಡಿ ಇಳಿದಾಗ ಹಾಲ್‌ನ ಯಜಮಾನ ಅವನನ್ನು ಎಲ್ಲರೆದುರೇ ಉಗಿದಿದ್ದ. "ಕಕ್ಕಸು ತೊಳೆಯೋಳ ಮಗಳು ಬಾಯಿಟ್ಟಿದ್ದನ್ನ ಇನ್ನೊಬ್ರ ಬಾಯಿಗೆ ಹಿಡೀತೀಯೇನೋ, ಬೋಳೀಮಗನೆ?"

ಮೂಗಿ ಅನ್ನುವುದು ಅವಳ ಹೆಸರಲ್ಲ. ಯಾರಾದರೂ ಮಾತಾಡಿಸಿದರೆ ತನ್ನ ಕಾಲಿನ ಹೆಬ್ಬೆರಳು ನೋಡುತ್ತಾಳೆಂದು ಅಂಟಿಕೊಂಡದ್ದು. ಹಾಡಿದರೆ ಮಾತ್ರ ಕೆಲಸ ಮುಗಿಸಿ ಬರುವ ಓಣಿಯ ಹೆಂಗಸರು ಚೀಲ ಇಳಿಸಿ ನಿಲ್ಲುತ್ತಿದ್ದರು. ಹಾಡುಗಳೆಲ್ಲ ಅವಳೇ ಕಟ್ಟಿದವು. ಹಾಲ್‌ನಲ್ಲಿ ಅವಳಿಗೆ ಸಿಗುತ್ತಿದ್ದದ್ದು ಜನ ಕುರ್ಚಿ ಹುಡುಕುವ ಹೊತ್ತು. ಕುರ್ಚಿ ಎಳೆದಾಟ, ಕೆಮ್ಮು, ಫೋನು, ಅದರ ನಡುವೆ ಅವಳ ದನಿ. "ನಾಲ್ಕು ಜನಕ್ಕೆ ಪರಿಚಯ ಆಗ್ತೀಯಲ್ಲೇ, ಇನ್ನೇನು ಬೇಕು?" ಎನ್ನುತ್ತಿದ್ದ ಯಜಮಾನ.

ಅವಳಿಗೆ ವಾರಕ್ಕೊಂದು ಸಂಜೆ ಬೇಕಿತ್ತು. ತನ್ನದೇ ಹಾಡು, ತನ್ನದೇ ಹೆಸರು. ಆಮೇಲೆ ಇದೇ ಹಾಲ್‌ನ ಕಕ್ಕಸು ತೊಳೆಯುವ ಅಮ್ಮನ ಕೈಯಿಂದ ಪೊರಕೆ ಕೆಳಗಿಡಿಸುವುದು. ಧೈರ್ಯ ಮಾಡಿ ಕೇಳಿದ್ದಳು. ಯಜಮಾನ ನಕ್ಕಿದ್ದ. "ದೊಡ್ಡ ಮೇಡಂ ಹಾಡೋ ದಿನ ಹಿಂದಿನ ಅರ್ಧ ಖಾಲಿ ಇರುತ್ತೆ. ಆ ಕುರ್ಚಿ ತುಂಬಿಸು. ಮೊದಲು ನೀನೇ ಹಾಡು. ತುಂಬಿದ್ರೆ ವಾರಕ್ಕೊಂದು ಸಂಜೆ ನಿಂದು."

ತಾಯಿ ಮಗಳು ಮನೆ ಮನೆ ತಿರುಗಿದ್ದರು. ಇವತ್ತು ಓಣಿ ಬಂದಿತ್ತು. ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಹಾಕಿಕೊಂಡು, ಟಿಕೇಟು ಕೈಯಲ್ಲಿ ಹಿಡಿದು ಬಂದಿತ್ತು.

ಯಜಮಾನ ಬಾಗಿಲಲ್ಲೇ ಮೂಗು ಮುಚ್ಚಿಕೊಂಡ. "ಏನೇ ಇದು, ಚರಂಡೀನೇ ಎತ್ಕೊಂಡ್ ಬಂದಿದೀಯಾ? ಕುರ್ಚಿ ಮುಟ್ಟಬೇಡಿ. ಗೋಡೆ ಪಕ್ಕ ನಿಂತ್ಕೊಳ್ಳಿ."

"ಟಿಕೇಟ್ ತಗೊಂಡಿದಾರೆ ಸಾರ್," ಎಂದಳು ಅಮ್ಮ.

"ತಗೊಂಡ್ರೆ? ಕುರ್ಚಿ ಗಬ್ಬೆದ್ದು ಹೋಗಲ್ವಾ?"

"ದಿನಾ ಅದನ್ನ ಒರೆಸೋದು ನನ್ನ ಕೈಯೇ ಅಲ್ವಾ ಸಾರ್?"

"ಬಾಯಿ ಮುಚ್ಚೇ, ಮುಂಡೆ!"

ಓಣಿ ಗೋಡೆಗೆ ಒರಗಿ ನಿಂತಿತು. ಯಜಮಾನ ಖಾಲಿ ಕುರ್ಚಿಗಳತ್ತ ಕೈ ತೋರಿಸಿದ. "ನೋಡು, ನಿನ್ನ ಅರ್ಧ ಖಾಲಿ. ಕುರ್ಚಿ ತುಂಬಿಸು ಅಂದಿದ್ದೆ, ಗೋಡೆ ತುಂಬಿಸು ಅಂದಿರ್ಲಿಲ್ಲ. ಇವತ್ತು ನಿನ್ನ ಹಾಡೂ ಇಲ್ಲ, ಸಂಜೇನೂ ಇಲ್ಲ. ಹೋಗಿ ಟೋಪಿ ತಗೊಂಡ್ ಬಾ."

ಮೂಗಿ ತನ್ನ ಹೆಬ್ಬೆರಳು ನೋಡಿದಳು. ಆಮೇಲೆ ಹಿಂದಕ್ಕೆ ಹೋದಳು.

ಟೋಪಿಗಳು ಫ್ಯಾನಿನ ಕೆಳಗೆ ಒಣಗಿದ್ದವು. ಕೆಂಪು ದಾರವನ್ನು ಹಲ್ಲಿನಿಂದ ಕಡಿದು ಉಗಿದಳು. ಒಂದೊಂದು ಟೋಪಿಯನ್ನೂ ಎತ್ತಿ, ತುಟಿಗೆ ಒತ್ತಿ ಹಿಡಿದು, ಇಳಿಸಿದಳು. ಐದನ್ನೂ ಬಕೆಟ್ಟಿಗೆ ಹಾಕಿ ಕಲಸಿದಳು.

ಸ್ಟೇಜಿನ ಪಕ್ಕದಲ್ಲಿ ದೊಡ್ಡ ಮೇಡಂ ಶಾಲು ಸರಿಮಾಡಿಕೊಳ್ಳುತ್ತ ಅವಳು ತಂದಿಟ್ಟ ಬಕೆಟ್ಟಿನೊಳಗೆ ಇಣುಕಿದರು. "ಆ ಹುಡುಗೀದು ಯಾವುದಪ್ಪಾ? ಮೊದಲು ಅದನ್ನ ಆಚೆ ಇಡು."

"ಕೆಂಪು ದಾರದ್ದು ಮೇಡಂ." ಮೈಕಿನವನು ಒಂದೊಂದನ್ನೇ ತಿರುಗಿಸಿ ನೋಡಿದ. ದಾರ ಇಲ್ಲ. ಮತ್ತೆ ತಿರುಗಿಸಿದ. ಕೊನೆಗೆ ತನ್ನ ಮೂಗಿನ ಹತ್ತಿರ ಹಿಡಿದ.

"ಏನೋ ನಾಯಿ ಥರ ಮೂಸ್ತಿದೀಯ?" ಎಂದ ಯಜಮಾನ.

"ಎಲ್ಲದ್ರಲ್ಲೂ ಸೋಪೇ ಸಾರ್."

ಗೋಡೆಯ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು.

ಯಜಮಾನ ಮೂಗಿಯತ್ತ ತಿರುಗಿದ. "ಯಾವುದೇ ನಿಂದು? ಬೊಗಳು!"

ಮೂಗಿ ತಲೆ ಎತ್ತಿದಳು. "ಎಲ್ಲಾ ನಂದೇ ಸಾರ್. ಎಲ್ಲದಕ್ಕೂ ಬಾಯಿಟ್ಟಿದೀನಿ."

ಮೇಡಂ ಇನ್ನೂ ಮೈಕೇ ಮುಟ್ಟಿರಲಿಲ್ಲ. ಆದರೂ ಶಾಲಿನ ತುದಿಯಿಂದ ತುಟಿ ಒರೆಸಿಕೊಂಡರು. "ಥೂ!" ಎಂದು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಯಜಮಾನ ಕೈ ಎತ್ತಿದ. ನಡುವೆ ನೆಲ ಒರೆಸುವ ಕೋಲೊಂದು ಬಂದು ನಿಂತಿತು. ಹಿಡಿದದ್ದು ಅಮ್ಮ.

"ಇಳಿಸಿ ಸಾರ್," ಎಂದಳು. "ಕೋಲು ಒದ್ದೆ ಇದೆ. ಇದ್ರಲ್ಲಿ ಏನೇನು ಒರೆಸಿದೀನಿ ಅಂತ ನಿಮಗೇ ಗೊತ್ತು."

ಎತ್ತಿದ ಕೈ ಹಾಗೇ ನಿಂತಿತು.

ಗೋಡೆಯ ಪಕ್ಕದಿಂದ ಒಬ್ಬ ಮುದುಕಿ ಬಂದು ಕುರ್ಚಿಯಲ್ಲಿ ಕೂತಳು. ಅವಳ ಸೊಸೆ ಕೂತಳು. ಆಮೇಲೆ ಸಾಲಿಗೆ ಸಾಲೇ ಕೂತಿತು. ಮುಂದಿನ ಸಾಲಿನವರು ಎದ್ದು ಹೊರಗೆ ನಡೆದರು. ಖಾಲಿಯಾದ ಆ ಕುರ್ಚಿಗಳಿಗೂ ಓಣಿ ಬಂತು.

ಮೂಗಿ ಸ್ಟೇಜ್ ಹತ್ತಿದಳು. ಟೋಪಿ ಇಲ್ಲದ ಮೈಕಿನ ಜಾಲರಿ ತುಟಿಗೆ ತಣ್ಣಗೆ ತಾಗಿತು. ಅದಕ್ಕೆ ಜೀವ ಇರಲಿಲ್ಲ. ಮೈಕಿನವನ ಬೆರಳು ಸ್ವಿಚ್ಚಿನ ಮೇಲಿತ್ತು, ಕಣ್ಣು ಯಜಮಾನನ ಮೇಲೆ.

"ಅಣ್ಣಾ, ಮೈಕ್ ಆನ್ ಮಾಡಿ."

ಬೆರಳು ಅಲ್ಲಾಡಲಿಲ್ಲ. ಹಾಲ್ ತುಂಬ ಜನ ಕೂತಿದ್ದರು. ಎಲ್ಲೂ ಕುರ್ಚಿ ಎಳೆದ ಸದ್ದಿಲ್ಲ, ಕೆಮ್ಮಿಲ್ಲ.

"ಅಣ್ಣಾ," ಎಂದಳು ಇನ್ನೊಮ್ಮೆ. "ಮೈಕ್ ಆನ್ ಮಾಡಿ."