ತಮ್ಮನ ಆಫೀಸಿನ ಹೊಸ ಯಂತ್ರ

ನನ್ನ ತಮ್ಮ ವಕೀಲ. ಹೆಸರಿದೆ, ಕಪ್ಪು ಕೋಟಿಗೆ ಗರಿಗರಿ ಇಸ್ತ್ರಿಯಿದೆ, ಮಾತಿಗೆ ತೂಕವಿದೆ. ಹಿಡಿದ ಕೇಸು ಮುಗಿಸುವ ಅಭ್ಯಾಸವೊಂದು ಮಾತ್ರ ಇಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ನಾನು ಅವನ ಒಡಹುಟ್ಟಿದ ಅಕ್ಕ, ಮೇಲಾಗಿ ಅವನ ಕಕ್ಷಿದಾರೆ.

ನನ್ನ ಕೇಸು ಇಷ್ಟೇ. ನಾನು ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದೆ. ಕ್ವಾರ್ಟರ್ಸಿನಲ್ಲಿದ್ದ ಕಾಲಕ್ಕೆ ನನ್ನ ಸ್ವಂತ ಮನೆಯನ್ನು ಒಬ್ಬ ಹಲ್ಲಿನ ಡಾಕ್ಟರಿಗೆ ಬಾಡಿಗೆಗೆ ಕೊಟ್ಟಿದ್ದೆ. ನಿವೃತ್ತಳಾಗಿ ನಾನು ಕ್ವಾರ್ಟರ್ಸ್ ಬಿಟ್ಟೆ, ಡಾಕ್ಟರು ನನ್ನ ಮನೆ ಬಿಡಲಿಲ್ಲ. ಕಂಡವರ ಹಲ್ಲನ್ನು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕಿತ್ತು ಕೈಗೆ ಕೊಡುವ ಮನುಷ್ಯ, ತಾನು ಮಾತ್ರ ಬೇರುಬಿಟ್ಟು ಕೂತ.

"ಚಿಂತೆ ಬಿಡಕ್ಕಾ, ನಾನಿಲ್ವಾ?" ಎಂದು ತಮ್ಮ ಕೇಸು ಹಾಕಿದ. ಅವನ ಮನೆಯ ಹಿಂದಿನ ಕೋಣೆಯಲ್ಲಿ ನಾನು ಬಂದು ಕೂತೆ. ನಾಲ್ಕು ದಿನದ ಮಾತು ತಾನೇ ಎಂದು ಟ್ರಂಕು ಬಿಚ್ಚಲಿಲ್ಲ. ಮೇಲಿದ್ದ ಬಟ್ಟೆ ತೆಗೆದು ಉಡುವುದು, ಒಗೆದು ಮತ್ತೆ ಅದರೊಳಗೇ ಇಡುವುದು. ನನ್ನ ಮನೆಯ ಹಿತ್ತಲ ಬಾಗಿಲಿಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಅಲ್ಲಿ ಕುರ್ಚಿ ಹಾಕಿಕೊಂಡು, ಯಾರ ಹಂಗೂ ಇಲ್ಲದೆ, ನೋಯುವ ಮಂಡಿ ಚಾಚಿ ಕೂರಬೇಕು. ನನಗೆ ಬೇಕಾದದ್ದು ಅಷ್ಟೇ. ಅದಕ್ಕಾಗಿ ವರ್ಷಗಟ್ಟಲೆ ಕೋರ್ಟಿನ ಬೆಂಚು ಸವೆಸಿದ್ದೆ.

ತಮ್ಮನೂ ನನ್ನಿಂದ ಸುಖಪಟ್ಟನೆಂದು ಹೇಳಲಾರೆ. ತಟ್ಟೆಗೆ ಉಪ್ಪು ಹಾಕಿಕೊಂಡರೆ ಬಿ.ಪಿ. ನೆನಪಿಸುತ್ತಿದ್ದೆ, ಟೀವಿ ಆರಿಸಿ ಮಲಗಲು ಕಳಿಸುತ್ತಿದ್ದೆ.

"ಅಕ್ಕಾ, ಇದು ನಿನ್ನ ವಾರ್ಡಲ್ಲ."

"ವಾರ್ಡಾಗಿದ್ರೆ ಇಷ್ಟು ಗಲೀಜು ಇರ್ತಿರ್ಲಿಲ್ಲ."

"ಇರ್ಲಿ ಬಿಡು, ಹೇಗೂ ನಿನ್ನ ಮನೆಗೆ ಹೋಗೋಳಲ್ವಾ" ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಹೀಗಿರುವಾಗ ಅವನ ಅಳಿಯ ಯಂತ್ರ ತಂದ. ಅಳಿಯನ ವ್ಯಾಪಾರವೇ ಅದು: ಆಫೀಸುಗಳಿಗೆ ಕಂಪ್ಯೂಟರು ತುಂಬಿಸಿ, ಕೆಲಸ ಚುರುಕಾಯಿತು ಎಂದು ನಂಬಿಸುವುದು. ಅಟ್ಟದ ಮೇಲಿನ ಹಳೇ ಫೈಲುಗಳೆಲ್ಲ ಕೆಳಗಿಳಿದವು. ಧೂಳಿಗೆ ಸೀನುತ್ತ ಒಂದೊಂದೇ ಹಾಳೆಯನ್ನು ಯಂತ್ರಕ್ಕೆ ತಿನ್ನಿಸಿದರು.

"ಈ ಆಫೀಸು ಹೇಗೆ ಕೆಲಸ ಮಾಡುತ್ತೆ ಅಂತ ಫೈಲು ನೋಡಿ ಅದೇ ಕಲಿಯುತ್ತೆ ಮಾವ" ಎಂದ ಅಳಿಯ. "ಆಮೇಲೆ ನೀವು ಹೇಳೋದೇ ಬೇಡ. ನೀವು ಏನು ಮಾಡ್ತಿದ್ರೋ ಅದನ್ನ ನಿಮಗಿಂತ ಮುಂಚೆ ಮಾಡಿಬಿಡುತ್ತೆ. ಅರ್ಜಿ ಬರೆಯುತ್ತೆ, ಕೋರ್ಟಿಗೆ ಕಳಿಸುತ್ತೆ, ಕಕ್ಷಿದಾರರ ಫೋನಿಗೆ ಸುದ್ದಿ ಮುಟ್ಟಿಸುತ್ತೆ. ಅತ್ತೆ ಕೇಸಿನ ಎದುರು ಪಕ್ಷದ ವಕೀಲರೂ ಇಂಥದ್ದೇ ಯಂತ್ರ ನನ್ನ ಹತ್ರಾನೇ ತಗೊಂಡಿದ್ದಾರೆ."

"ಭೇಷ್" ಎಂದ ತಮ್ಮ, ಕಾಲ ಮೇಲೆ ಕಾಲು ಹಾಕಿ. ನನಗೂ ಆಸೆ ಚಿಗುರಿತು, ಸುಳ್ಳೇಕೆ ಹೇಳಲಿ. ತಮ್ಮ ಮಾಡದ್ದನ್ನು ಯಂತ್ರವಾದರೂ ಮಾಡೀತು ಎಂದುಕೊಂಡೆ.

ಅಂತೂ ನನ್ನ ಕೇಸಿನ ವಾದದ ದಿನ ಬಂತು. ಸಾಕ್ಷಿ, ಪಾಟೀಸವಾಲು ಎಲ್ಲ ಮುಗಿದಿತ್ತು. ನ್ಯಾಯಾಧೀಶರಿಗೆ ಬೇರೆ ಕಡೆ ವರ್ಗವಾಗಿತ್ತು. ಹೋಗುವ ಮುಂಚೆ ಈ ವಯಸ್ಸಾದವರ ಕೇಸು ಕೇಳಿ ತೀರ್ಪು ಕೊಡುತ್ತೇನೆ ಎಂದಿದ್ದರು. ತಪ್ಪಿದರೆ ಹೊಸಬರು ಬರಬೇಕು, ಮೊದಲ ಹಾಳೆಯಿಂದ ಓದಬೇಕು, ಅಷ್ಟರಲ್ಲಿ ನನ್ನ ಮಂಡಿ ನನ್ನ ಕೈಬಿಡುತ್ತದೆ.

ಬೆಳಿಗ್ಗೆಯೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಯಂತ್ರದ ಪ್ರತಾಪ ನೋಡಲೆಂದು ಅಳಿಯನೂ ಪಕ್ಕದಲ್ಲಿದ್ದ. ನಮ್ಮ ಕೇಸು ಕೂಗುವ ಹೊತ್ತಿಗೆ ನನ್ನ ಫೋನು ಗುಂಯ್ ಎಂದಿತು. "ಶುಭ ಸುದ್ದಿ! ನಿಮ್ಮ ಪ್ರಕರಣದಲ್ಲಿ ಕಾಲಾವಕಾಶದ ಕೋರಿಕೆ ಯಶಸ್ವಿಯಾಗಿ ಸಲ್ಲಿಕೆಯಾಗಿದೆ." ಕೆಳಗೆ ಹೆಬ್ಬೆರಳು ಎತ್ತಿದ ಚಿತ್ರ ಬೇರೆ.

ನ್ಯಾಯಾಧೀಶರು ಕನ್ನಡಕ ಏರಿಸಿ ಎದುರಿನ ಪರದೆ ನೋಡಿದರು. "ಏನ್ರೀ ವಕೀಲರೇ, ಕಕ್ಷಿದಾರೆಗೆ ಜ್ವರ, ಹಾಸಿಗೆ ಹಿಡಿದಿದ್ದಾರೆ, ಕಾಲಾವಕಾಶ ಬೇಕು ಅಂತ ಬರೆದಿದ್ದೀರಿ. ಎದುರು ಪಕ್ಷದವರೂ ತಕರಾರಿಲ್ಲ ಅಂತ ಆಗಲೇ ಕಳಿಸಿಬಿಟ್ಟಿದ್ದಾರೆ."

ನಾನು ಮಂಡಿ ಹಿಡಿದುಕೊಂಡು ಎದ್ದು ನಿಂತೆ. "ಸ್ವಾಮಿ, ಆ ಕಕ್ಷಿದಾರೆ ನಾನೇ. ಬೆಳಿಗ್ಗೆಯಿಂದ ಇಲ್ಲೇ ಕೂತಿದೀನಿ. ನನಗೆ ಜ್ವರ ಬಂದಿರೋದು ಈಗ ನಿಮ್ಮಿಂದ ಗೊತ್ತಾಯ್ತು."

ಕೋರ್ಟು ನಕ್ಕಿತು. ಎದುರು ಪಕ್ಷದ ವಕೀಲರು ಕೂಡ ನಕ್ಕರು. ತಮ್ಮನ ಕಿವಿ ಕೆಂಪಾಯಿತು.

"ಏನೋ ಇದು?" ಎಂದು ಅಳಿಯನಿಗೆ ತಿವಿದೆ.

"ಯಂತ್ರದ ತಪ್ಪೇನಿಲ್ಲ ಅತ್ತೆ" ಎಂದು ಅವನು ಪಿಸುಗುಟ್ಟಿದ. "ಮಾವನ ಫೈಲುಗಳಲ್ಲಿ ವಾದದ ದಿನ ಬಂದಾಗೆಲ್ಲ ಕಕ್ಷಿದಾರರಿಗೆ ಜ್ವರ ಬಂದಿದೆ. ಅದು ಅದನ್ನೇ ಕಲ್ತಿದೆ."

"ಸ್ವಾಮಿ, ಇದು ಕಂಪ್ಯೂಟರಿನ ಎಡವಟ್ಟು" ಎಂದ ತಮ್ಮ, ಎದೆ ಸೆಟೆಸಿ.

"ಹೋಗಲಿ ಬಿಡಿ" ಎಂದರು ನ್ಯಾಯಾಧೀಶರು, ಬಹಳ ಸಂತೋಷದಿಂದ. "ಕೋರಿಕೆ ವಾಪಸ್ ತಗೊಳ್ಳಿ. ನನಗೆ ಪುರುಸೊತ್ತಿದೆ, ಈಗಲೇ ವಾದ ಶುರು ಮಾಡಿ."

ತಮ್ಮ ಫೈಲು ಬಿಚ್ಚಿದ. ಮುಂದಕ್ಕೆ ತಿರುವಿದ, ಹಿಂದಕ್ಕೆ ತಿರುವಿದ. ಆ ಫೈಲಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮಗ್ಗಿ ಬಾರದಿದ್ದಾಗ ಮೇಷ್ಟ್ರ ಮುಂದೆ ಕಿವಿ ತುರಿಸಿಕೊಳ್ಳುತ್ತಿದ್ದನಲ್ಲ, ಹಾಗೆಯೇ ತುರಿಸಿಕೊಂಡ.

"ಸ್ವಾಮಿ, ಸ್ವಲ್ಪ ಕಾಲಾವಕಾಶ ಬೇಕಿತ್ತು."

ಈ ಸಲ ಯಾರೂ ನಗಲಿಲ್ಲ. "ನಾಳೆ ನನ್ನ ಕೊನೇ ದಿನ" ಎಂದು ನ್ಯಾಯಾಧೀಶರು ಫೈಲು ಬದಿಗಿಟ್ಟರು. "ಬರ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು."

ವರಾಂಡದಲ್ಲಿ ತಮ್ಮ, "ನಾಳೆಗೆಲ್ಲ ಆಗೋ ಮಾತಲ್ಲ ಅಕ್ಕಾ. ಹೊಸ ಜಡ್ಜು ಬರ್ಲಿ, ಜಮಾಯಿಸಿಬಿಡ್ತೀನಿ" ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನನ್ನ ಫೈಲನ್ನೇ ಓದಿರಲಿಲ್ಲ, ಪಾಪಿ.

ಮನೆಗೆ ಬಂದವಳೇ ಟ್ರಂಕನ್ನು ಕೋಣೆಯ ನಡುವೆ ಎಳೆದು ಬಿಚ್ಚಿದೆ. ಬಟ್ಟೆಗಳನ್ನೆಲ್ಲ ಗೋಡೆಯ ಕಪಾಟಿನಲ್ಲಿ ಜೋಡಿಸಿದೆ. ಸದ್ದು ಕೇಳಿ ತಮ್ಮ ಬಾಗಿಲಿಗೆ ಬಂದ.

"ಏನಕ್ಕಾ ಇದು?"

"ಇನ್ಮೇಲೆ ಇಲ್ಲೇ ಇರ್ತೀನಿ ಕಣೋ. ಎಷ್ಟು ದಿನ ಅಂತ ಟ್ರಂಕಲ್ಲಿ ಇಟ್ಕೊಳ್ಳೋದು? ಈ ಕೋಣೆ ಚೆನ್ನಾಗಿದೆ. ನಾಳೆಯಿಂದ ಅಡುಗೆಮನೇನೂ ನಾನೇ ನೋಡ್ಕೊಳ್ತೀನಿ. ನಿನ್ನ ಉಪ್ಪಿಂದ ಶುರು."

ಅವನು ಕಪಾಟು ನೋಡಿದ, ಬರಿದಾದ ಟ್ರಂಕು ನೋಡಿದ. ಅವನ ಮುಖದಲ್ಲಿ ಅವಸರ ಎಂಬುದನ್ನು ನಾನು ನೋಡಿದ್ದು ಆಗಲೇ. ಸರಸರನೆ ಆಫೀಸಿನ ಕೋಣೆಗೆ ಹೋದ. ಹಾಳೆ ಬಿಡಿಸುವ ಸದ್ದು ಕೇಳಿಸಿತು. ಆಮೇಲೆ ಫೋನಿನಲ್ಲಿ ಅವನ ದನಿ: "ಅಳಿಯಂದಿರೇ, ಆ ಯಂತ್ರ ಮೊದಲು ಆರಿಸಿ. ನಾಳೆ ಅಕ್ಕನ ಕೇಸಿಗೆ ವಾದ ಇದೆ."

ನಾನು ಬಟ್ಟೆಗಳನ್ನು ಮತ್ತೆ ಟ್ರಂಕಿಗೆ ಹಾಕಲಿಲ್ಲ. ತೀರ್ಪು ಕೈಗೆ ಬರುವ ತನಕ ಅವನ ಕಣ್ಣಿಗೆ ಬೀಳುತ್ತಿರಲಿ ಎಂದು ಕಪಾಟಿನ ಬಾಗಿಲನ್ನೂ ತೆರೆದೇ ಇಟ್ಟೆ.