ಸಿನ್ನಿಯ ಉತ್ತರ

ಕುರಿ ಕೆಮ್ಮಿತು, ಥೇಟ್ ತೊರ್‌ಗ್ರಿಮ್ ಕೆಮ್ಮಿದ ಹಾಗೆ, ಇಲ್ಲ ಎನ್ನುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಕೆಮ್ಮು, ಬೆಟ್ಟದ ಮೇಲೂ ನನ್ನನ್ನು ಬಿಡುವುದಿಲ್ಲವಲ್ಲ ಊರಿನ ಪುಸ್ತಕ ಮಾಡಿಸುತ್ತಿರುವ ಈ ಮೇಷ್ಟ್ರು, ಮೊನ್ನೆಯೂ ಹಾಗೇ ಕೆಮ್ಮಿ ಅಂದ, ನೋಡು ಗೂರೋ, ಗೋಡೆ ಇಲ್ಲ, ಒಲೆ ಇಲ್ಲ, ಬರೀ ನಿಮ್ಮಜ್ಜಿ ಹೇಳ್ತಾಳೆ ಅಂತ ಪುಸ್ತಕದಲ್ಲಿ ಹಾಕಕ್ಕಾಗುತ್ತಾ, ನಾಳೆ ಇನ್ನೊಬ್ರು ಬಂದು ನಾನು ಚಂದ್ರನ ಮೇಲೆ ಹುಟ್ಟಿದೆ ಅಂತಾರೆ, ಹಾಕ್ತೀಯಾ? — ಬಿಸಿಲು ಮಾತ್ರ ಎಷ್ಟು ಧಾರಾಳ ಇವತ್ತು, ಆಗಸ್ಟ್‌ನಲ್ಲಿ ಇಷ್ಟು ಚೆನ್ನಾಗಿದ್ದರೆ ಮಧ್ಯಾಹ್ನಕ್ಕೆ ಕೆಟ್ಟೇ ಕೆಡುತ್ತದೆ ಎಂದು ಆಗಲೇ ಮೂರು ಸಲ ಮೋಡ ನೋಡಿದ್ದೇನೆ, ಇಲ್ಲ, ಇದ್ದಲ್ಲೇ ಇದೆ, ಬೂಟಿನ ದಾರ ಬಿಗಿಯಾಗಿದೆ, ಫೋನಿನಲ್ಲಿ ಚಾರ್ಜ್ ಅರವತ್ತೆರಡು, ನಕ್ಷೆ ಚೀಲದಲ್ಲಿದೆ, ನಾನೇ ಬಿಡಿಸಿದ ನಕ್ಷೆ, ನಾನೇ ಇಟ್ಟ ಕೆಂಪು ಚುಕ್ಕೆ, ಚುಕ್ಕೆ ಇರುವಲ್ಲಿ ಏನೂ ಇಲ್ಲ. ಸಂಜೆ ನಾಲ್ಕಕ್ಕೆ ತೊರ್‌ಗ್ರಿಮ್ ಊರಿನ ಪುಸ್ತಕವನ್ನು ಅಚ್ಚಿಗೆ ಕಳಿಸುತ್ತಾನೆ, ಹನ್ನೊಂದು ವರ್ಷ ಎಳೆದ ಪುಸ್ತಕ, ವೆಸ್ಲೆಡಾಲ್ ಪಂಚಾಯಿತಿಯ ನೆಲ ನೀರು ಮನೆತನ ಎಲ್ಲ, ಹಿಮಸಾರಂಗ ಬೀಳಿಸಲು ಯಾವ ಕಾಲದಲ್ಲೋ ತೋಡಿದ ಗುಂಡಿಗಳಿಂದ ಹಿಡಿದು ಕುದುರೆ ವ್ಯಾಪಾರಿಗಳು ಕಡಲ ಕಡೆಗೆ ದಾಟುತ್ತಿದ್ದ ಕಣಿವೆದಾರಿಯವರೆಗೆ, ಮತ್ತು ನಕ್ಷೆ ನೋಡಿಕೊಳ್ಳುವವಳು ಕಚೇರಿಯಲ್ಲಿ ನಾನೊಬ್ಬಳೇ ಆದ್ದರಿಂದ ಬೇಸಿಗೆಮನೆಗಳ ಅಧ್ಯಾಯ ನನ್ನ ತಲೆಗೆ ಬಂತು — ಹೆಂಗಸರು ದನ ಮೇಕೆ ಹೊಡೆದುಕೊಂಡು ಮೇಲೆ ಬಂದು, ಹುಲ್ಲು ಮುಗಿಯುವ ತನಕ ಚೀಸ್ ಕಾಯಿಸುತ್ತ ಇರುತ್ತಿದ್ದ ಮನೆಗಳು, ನಲವತ್ತೊಂದು ಸಿಕ್ಕಿವೆ, ನಲವತ್ತೆರಡನೆಯದು ಐರಿಸ್ಟೋಲ್, ಅದರಲ್ಲಿ ನಮ್ಮ ಗೊಮ್ಮೊ ಹುಟ್ಟಿದ್ದು, ಅದೊಂದೇ ಸಿಕ್ಕಿಲ್ಲ. ಗೊಮ್ಮೊ ಏನೂ ಕೇಳುವುದಿಲ್ಲ, ನೀನು ಹುಟ್ಟಿದ ಮನೆ ಸಿಕ್ಕಿಲ್ಲ ಎಂದು ಹೇಳಲು ನನಗೂ ಬಾಯಿ ಬಂದಿಲ್ಲ. ತೊಂಬತ್ತಮೂರು ವರ್ಷದ ಅಜ್ಜಿ, ಪುಸ್ತಕ ಬಿಡುಗಡೆಯ ದಿನಕ್ಕೆಂದು ಬೆಳ್ಳಿ ಗುಂಡಿಯ ಹಬ್ಬದ ಉಡುಪನ್ನು ಈಗಲೇ ತೆಗೆದು ಗಾಳಿಗೆ ನೇತುಹಾಕಿದ್ದಾಳೆ, ಅಷ್ಟೇ, ಅದು ಕಿಟಕಿಯಲ್ಲಿ ತೂಗಾಡುತ್ತದೆ, ನಾನು ಅದರ ಮುಂದೆ ಹಾದುಹೋಗುವಾಗ ತಲೆ ತಗ್ಗಿಸುತ್ತೇನೆ.

ಚರ್ಚಿನ ದಾಖಲೆಯಲ್ಲಿ ಒಂದೇ ಸಾಲು, ಬಾಯಿಪಾಠ ಆಗಿಹೋಗಿದೆ, ಹೆಣ್ಣುಮಗು ಮಾರ್ಗಿತ್, ಅಂದರೆ ನಮ್ಮ ಗೊಮ್ಮೊ, ಹುಟ್ಟಿದ್ದು ಐರಿಸ್ಟೋಲ್‌ನಲ್ಲಿ, ಕ್ರೂಕವಾಟ್ನ ಸರೋವರದ ಉತ್ತರಕ್ಕೆ, ತಾಯಿ ಸಿನ್ನಿ ಹೇಳಿದಂತೆ. ಉತ್ತರಕ್ಕೆ. ನಾನು ಓದಿದವಳಲ್ಲವೇ, ಬರ್ಗೆನ್‌ನಲ್ಲಿ ನಾಲ್ಕು ವರ್ಷ ಭೂಗೋಳ, ದಿಕ್ಸೂಚಿ ಇಟ್ಟು ಚುಕ್ಕೆ ಇಟ್ಟೆ, ನಿನ್ನೆ ಇಡೀ ದಿನ ಆ ದಡದಲ್ಲಿ ಬಂಡೆ ಬಂಡೆ ತಡಕಿದೆವು, ನಾನೂ ಪಕ್ಕದ ಮನೆಯ ಓಸ್ಮುಂಡನೂ, ಎಪ್ಪತ್ತೆಂಟು ವರ್ಷದ ಕುರಿಯವನು, ಸಂಜೆ ಇಳಿಯುವಾಗ ಅವನು ನಗಲು ಶುರುಮಾಡಿದ, ಹುಡುಗೀ, ನೀನು ಯಾವ ಉತ್ತರ ಹುಡುಕ್ತಾ ಇದ್ದೀಯ, ಕಾಲೇಜಿಂದೋ ನಮ್ಮದೋ? ನಾಚಿಕೆಯಾಯಿತು, ಕಿವಿ ಬಿಸಿಯಾಯಿತು, ನಮ್ಮಲ್ಲಿ ಉತ್ತರ ಎಂದರೆ ಹೊಳೆ ಬರುವ ಕಡೆ, ದಕ್ಷಿಣ ಎಂದರೆ ಹೊಳೆ ಹೋಗುವ ಕಡೆ, ಸೂರ್ಯ ಎಲ್ಲಿ ಹುಟ್ಟಿದರೂ ಅದು ಸೂರ್ಯನ ಕಷ್ಟ, ನಮ್ಮ ಹೊಳೆ ಪಶ್ಚಿಮದಿಂದ ಬರುತ್ತದೆ ಆದ್ದರಿಂದ ನಮ್ಮ ಉತ್ತರ ಪಶ್ಚಿಮದಲ್ಲಿದೆ, ಇದೇ ದಿಕ್ಕಿನಲ್ಲಿ ನಾನು ಚಮಚ ಎತ್ತಿಕೊಟ್ಟು ಬೆಳೆದಿದ್ದೇನೆ, ಉಪ್ಪು ಮೇಜಿನ ದಕ್ಷಿಣಕ್ಕಿದೆ ನೋಡು, ಗೊಮ್ಮೊಳ ಬೆನ್ನು ಕೆರೆದಿದ್ದೇನೆ, ಇನ್ನೊಂಚೂರು ಉತ್ತರಕ್ಕೆ ಕೆರಿ ಮಗೂ, ಹಾಂ, ಅಲ್ಲೇ — ಅಷ್ಟೆಲ್ಲ ಗೊತ್ತಿದ್ದೂ ಪೆನ್ನು ಹಿಡಿದ ಕೂಡಲೇ ಮರೆತೆನಲ್ಲ. ಇವತ್ತು ಬೆಳಿಗ್ಗೆ ಆರಕ್ಕೇ ಹತ್ತಿ ಪಶ್ಚಿಮದ ತುದಿಗೆ ಬಂದೆವು, ಸರೋವರದ ನೀರು ಇಲ್ಲಿಂದ ಧುಮುಕಿ ಆಚೆ ಕಣಿವೆಗೆ ಬೀಳುತ್ತದೆ, ಬಂಡೆ, ಕುಳ್ಳು ಬರ್ಚ್ ಮರ, ಕೆಮ್ಮುವ ಕುರಿ, ಬೇರೇನೂ ಇಲ್ಲ. ಹನ್ನೊಂದು ಗಂಟೆ. ಇನ್ನು ಐದು ಗಂಟೆ ಇದೆ, ಇಳಿಯಲು ಎರಡು, ಅಂದರೆ ಮೂರು.

ಕಾಫಿ ಕುಡಿಯೋಣ ಬಾ, ಇಲ್ಲದಿರೋ ಮನೆ ಎಲ್ಲಿ ಓಡಿಹೋಗುತ್ತೆ, ಎನ್ನುತ್ತಾನೆ ಓಸ್ಮುಂಡ್, ಕಂದು ಚೀಸ್ ಇಟ್ಟ ರೊಟ್ಟಿ ನನ್ನ ಕೈಗೆ ತುರುಕುತ್ತಾನೆ, ಬ್ರೀತಾ ಕಟ್ಟಿಕೊಟ್ಟದ್ದು, ತಿನ್ನು, ತಿನ್ನದೇ ವಾಪಸ್ ತಂದರೆ ಅವಳು ನನ್ನನ್ನ ತಿಂತಾಳೆ, ಚೀಸ್ ಸಿಹಿ, ಗಂಟಲಿಗೆ ಅಂಟಿಕೊಳ್ಳುತ್ತದೆ, ನಾನು ಕುಡಿಯುತ್ತಿದ್ದೇನೆ, ಅವನು ಮಾತಾಡುತ್ತಿದ್ದಾನೆ, ಬೆಂಚಿನ ಮೇಲೆ ಇಬ್ಬರೂ ಕೂತಿರ್ತೀವಾ, ಸ್ವಲ್ಪ ಉತ್ತರಕ್ಕೆ ಸರಿಯೇ ಅಂತೀನಿ, ಇವಳು ಬಂದು ನನ್ನ ತೊಡೆ ಮೇಲೇ ಕೂತ್ಕೋತಾಳೆ, ಮದುವೆಯಾಗಿ ಐವತ್ತೆರಡು ವರ್ಷ, ಇನ್ನೂ ಅವಳ ತವರಿನ ಉತ್ತರವೇ, ಬೆಟ್ಟದ ಆಚೆಯವರದ್ದು ಎಲ್ಲಾ ತಿರುಗುಮುರುಗು ತಾನೇ, ಅವರ ಹೊಳೆ ಆ ಕಡೆ ಓಡುತ್ತೆ, ತಿದ್ದೋಣ ಅಂದ್ಕೊಂಡೆ ಮೊದಲನೇ ವರ್ಷ, ಆಮೇಲೆ ಯಾಕೆ ತಿದ್ದಬೇಕು, ತೊಡೆ ಮೇಲೆ ಕೂತ್ರೆ ನಂಗೇನು ನಷ್ಟ — ಹ್ಹ ಹ್ಹ, ನಾನೂ ನಗುತ್ತಿದ್ದೇನೆ, ಕಾಫಿ ಮೂಗಿಗೆ ಹತ್ತುತ್ತದೆ, ನಗುತ್ತಲೇ ನಗು ನಿಲ್ಲುತ್ತದೆ, ಆಚೆಯವರದ್ದು, ಬ್ರೀತಾ ಆಚೆಯವಳು, ಸಿನ್ನಿ, ಸಿನ್ನಿ ಎಲ್ಲಿಯವಳು? ನಿಧಾನ, ಗೂರೋ, ಪದ ಪದವಾಗಿ ನೋಡು, ತಾಯಿ ಸಿನ್ನಿ ಹೇಳಿದಂತೆ, ಪಾದ್ರಿ ನೋಡಿ ಬರೆದದ್ದಲ್ಲ, ಊರವರು ಹೇಳಿದ್ದಲ್ಲ, ಸಿನ್ನಿ ಹೇಳಿದ್ದು, ಮುತ್ತಜ್ಜಿ ಸಿನ್ನಿ, ಮೂರು ಮೇಕೆ ಒಂದು ಪೆಟ್ಟಿಗೆ ಜೊತೆಗೆ ಬೆಟ್ಟ ದಾಟಿ ಮದುವೆಯಾಗಿ ಬಂದವಳು, ಬದುಕಿರುವ ತನಕ ಆಚೆ ಕಣಿವೆಯ ಮಾತೇ ಆಡಿದಳು ಎಂದು ಗೊಮ್ಮೊ ಎಷ್ಟು ಸಲ ಅಣಕಿಸಿ ತೋರಿಸಿಲ್ಲ. ಅವಳ ಹೊಳೆ ಪೂರ್ವದಿಂದ ಬರುತ್ತದೆ. ಅವಳ ಉತ್ತರ ಪೂರ್ವ. ಓಸ್ಮುಂಡ್, ನಾವು ಪೂರ್ವದ ತುದಿಗೆ ಹೋಗಬೇಕು.

ಅಲ್ಲೇನೂ ಇಲ್ಲ, ಎಂದ. ತುಂಬ ಬೇಗ ಎಂದ. ಜನ ಯಾವಾಗ ಬೇಗ ಮಾತಾಡುತ್ತಾರೆ ಎಂದು ನೋಡುವುದು ನನ್ನ ಹಳೆಯ ರೋಗ, ಫ್ಲಾಸ್ಕಿನ ಮುಚ್ಚಳವನ್ನು ಎರಡು ಸಲ ತಿರುಗಿಸಿದ, ಬರೀ ಜೌಗು, ಮೊಣಕಾಲವರೆಗೆ ಹೂತುಹೋಗ್ತೀಯ, ಎಂದ, ಪೂರ್ವದ ತುದಿ ಎಂದರೆ ನಮ್ಮ ಊರಿನ ಕಡೆಯದೇ ತುದಿ, ಹತ್ತಿ ಬಂದ ಕೂಡಲೇ ಮೊದಲು ಸಿಗಬೇಕಾದದ್ದು, ನಿನ್ನೆಯೂ ಇವತ್ತೂ ಅಲ್ಲಿಗೆ ಬರುವಾಗ ಈ ದಾರಿ ಜಾರುತ್ತೆ ಎಂದು ಗುಡ್ಡ ಸುತ್ತಿಸಿದವನು ಇವನೇ, ಎರಡು ಸಲವೂ, ಇವನೇ — ಓಸ್ಮುಂಡ್, ನಿನ್ನ ಮುಲ್ಟೆ ಹಣ್ಣಿನ ಜಾಗ ಅಲ್ಲಿದೆಯಾ? ಮುಖ ಕೆಂಪಾಯಿತು ಮುದುಕನಿಗೆ. ಯಾರು ಹೇಳಿದ್ದು? ಯಾರೂ ಹೇಳಿಲ್ಲ, ನಿನ್ನ ಮುಚ್ಚಳ ಹೇಳಿತು. ನಮ್ಮಲ್ಲಿ ಮುಲ್ಟೆ ಸಿಗುವ ಜೌಗನ್ನು ಯಾರೂ ಯಾರಿಗೂ ಹೇಳುವುದಿಲ್ಲ, ಹೊಂಬಣ್ಣದ ಹಣ್ಣಿನ ಬಕೆಟ್ಟಿಗೆ ಬಟ್ಟೆ ಮುಚ್ಚಿ ಊರಿನ ಹಿಂಬದಿಯಿಂದ ಮನೆ ಸೇರುತ್ತಾರೆ, ನನ್ನ ತಮ್ಮಂಗೇ ಹೇಳಿಲ್ಲ ಕಣೇ, ಸಾಯೋವಾಗ ಕೇಳಿದ, ಆಗಲೂ ಹೇಳಲಿಲ್ಲ, ಎಂದು ಅವನು ಗೋಗರೆಯುತ್ತಾನೆ, ನಾನು ಆಣೆ ಇಡುತ್ತೇನೆ, ನಕ್ಷೆಯಲ್ಲಿ ಹಾಕುವುದಿಲ್ಲ, ಪುಸ್ತಕದಲ್ಲಿ ಬರೆಯುವುದಿಲ್ಲ, ಬ್ರೀತಾಗೂ? ಬ್ರೀತಾಗೂ, ಅವಳಿಗೂ ಹೇಳಿಲ್ಲವೇ ನೀನು? ಅವಳಿಗೆ ದಕ್ಷಿಣಕ್ಕಿದೆ ಅಂತ ಹೇಳಿದೀನಿ, ಹುಡುಕ್ಲಿ, ಎಂದು ಮುಖ ಗಂಟಿಕ್ಕುತ್ತಾನೆ, ನಾನು ಓಡುತ್ತಿದ್ದೇನೆ, ಐವತ್ತರ ಹೆಂಗಸು, ಕಲ್ಲಿನಿಂದ ಕಲ್ಲಿಗೆ, ಬೂಟಿನ ದಾರ ನೋಡದೆ, ಮೋಡ ನೋಡದೆ, ಹಿಂದೆ ಅವನ ಕೂಗು, ಹಣ್ಣು ತುಳೀಬೇಡ್ವೇ! — ಜೌಗು ತುಂಬ ಹಳದಿ ದೀಪ ಹಚ್ಚಿಟ್ಟ ಹಾಗೆ ಮುಲ್ಟೆ, ಅದರಾಚೆ ಸಣ್ಣ ದಿಬ್ಬ, ದಿಬ್ಬದ ಹಿಂದೆ, ಬೂದು ಕಂದು ಬೂದುವಿನ ನಡುವೆ ಒಂದು ತುಂಡು ಹಸಿರು, ಬೆಟ್ಟದ ಹಸಿರಲ್ಲ, ಸಗಣಿ ಉಂಡು ಬೆಳೆದ ಹಸಿರು, ಎದೆಯೆತ್ತರ ತುರಿಕೆ ಸೊಪ್ಪು, ಮನುಷ್ಯರಿದ್ದ ಕಡೆ ಮಾತ್ರ ಬೆಳೆಯುವುದು, ಕೈಗೆ ಚುಚ್ಚುತ್ತದೆ, ಚುಚ್ಚಲಿ, ನಾಲ್ಕು ಮೂಲೆಗಲ್ಲು, ಮರವನ್ನೆಲ್ಲ ಕಳಚಿ ಕೆಳಗೆ ಹೊತ್ತೊಯ್ದಿದ್ದಾರೆ, ಹೊಗೆ ಹಿಡಿದ ಒಲೆಗಲ್ಲು, ಮತ್ತು ಹೊಸಿಲು. ಚಪ್ಪಟೆ ಕಲ್ಲಿನ ಹೊಸಿಲು, ನಡುವೆ ಸವೆದು ಗುಳಿಬಿದ್ದದ್ದು, ಒಂದು ಪಾದದಷ್ಟು ಗುಳಿ.

ಸಿಗ್ನಲ್ ಒಂದೇ ಗೆರೆ, ಸಾಕು, ಫೋಟೋ ಹೋಗುತ್ತಿದೆ, ಹೋಗುತ್ತಿದೆ, ಹೋಯಿತು, ತೊರ್‌ಗ್ರಿಮ್ ನೋಡುತ್ತಾನೋ ಇಲ್ಲವೋ, ಊಟಕ್ಕೆ ಕೂತಿದ್ದರೆ, ಕನ್ನಡಕ ಹುಡುಕುತ್ತಿದ್ದರೆ, ಗುಳಿ ಎಷ್ಟು ನುಣುಪು, ಸಿನ್ನಿಯೊಬ್ಬಳಿಂದ ಆದದ್ದಲ್ಲ ಇದು, ಅವಳಿಗೂ ಮುಂಚೆ ಎಷ್ಟು ಹೆಂಗಸರು ಹಾಲಿನ ಬಕೆಟ್ ಹಿಡಿದು ಇದೇ ಜಾಗದಲ್ಲಿ ಕಾಲಿಟ್ಟು ಒಳಗೆ ಹೊರಗೆ, ಟಿಣ್ ಎಂದಿತು, ತೊರ್‌ಗ್ರಿಮ್, ಪುಟ 212, ನಾಲ್ಕು ಸಾಲು ಕೊಡ್ತೀನಿ, ಐದಲ್ಲ, ದಿಕ್ಕು ಸರಿಯಾಗಿ ಬರಿ — ಅಯ್ಯೋ ಮೇಷ್ಟ್ರೇ, ಬರೆಯುತ್ತೇನೆ, ಪೂರ್ವ ಎಂದು ಬರೆಯಲೇ, ಇಲ್ಲ, ಸಿನ್ನಿಯ ಮಾತಿನಲ್ಲಿ ಉತ್ತರ ಎಂದೇ ಬರೆಯುತ್ತೇನೆ, ಅಲ್ಪವಿರಾಮ, ಸೂರ್ಯ ಹುಟ್ಟುವ ಕಡೆ, ಪೂರ್ಣವಿರಾಮ, ಗುಳಿಯ ಅಂಚಿಗೆ ಒಂದು ಇರುವೆ ಬಂದು ನಿಂತಿದೆ, ಗೊಮ್ಮೊಗೆ ಮೊದಲು ಹೇಳಬೇಕಿತ್ತು, ತಪ್ಪಾಯಿತು, ರಿಂಗಾಗುತ್ತಿದೆ, ಗೊಮ್ಮೊ, ಗೊಮ್ಮೊ, ಐರಿಸ್ಟೋಲ್ ಸಿಕ್ಕಿತು! ಅತ್ತ ಕಡೆ ಚಮಚ ಬಟ್ಟಲಿಗೆ ತಾಗಿದ ಸದ್ದು, ಅದು ಯಾವಾಗ ಕಳೆದುಹೋಗಿತ್ತು? ಎನ್ನುತ್ತಾಳೆ, ನಾನು ನಗುತ್ತೇನೆ, ಅಳುತ್ತೇನೋ, ಗೊತ್ತಿಲ್ಲ, ಓಸ್ಮುಂಡ್ ಜೌಗಿನಲ್ಲಿ ಬಗ್ಗಿ ತನ್ನ ಹಣ್ಣುಗಳನ್ನು ಎಣಿಸುತ್ತಿದ್ದಾನೆ, ಆಮೇಲೆ ಗೊಮ್ಮೊಳ ತೀರ ಸಣ್ಣ ದನಿ, ಯಾರದೋ ಮಗುವಿನ ದನಿ, ಹೊಸಿಲು ಇದೆಯಾ? ಇದೆ ಗೊಮ್ಮೊ, ನಡುವೆ ಗುಳಿ ಬಿದ್ದಿದೆ. ಅದರಲ್ಲೇ ಕೂತ್ಕೋತಿದ್ದೆ, ಅಮ್ಮ ಒಳಗೆ ಚೀಸ್ ತಿರುವೋಳು, ನನ್ನ ಅಂಡಿಗೆ ಸರಿಯಾಗಿ ಇತ್ತು ಅದು, ಮಧ್ಯಾಹ್ನಕ್ಕೆ ಬೆಚ್ಚಗಾಗೋದು, ಮುಟ್ಟಿ ನೋಡೇ, ಬೆಚ್ಚಗಿದೆಯಾ? — ನಾಲ್ಕು ಸಾಲು, ಎರಡು ಗಂಟೆ ಇಳಿಯಬೇಕು, ಚಾರ್ಜ್ ಐವತ್ತೊಂದು, ಪುಟ 212, ಅಂಗೈ ಇಟ್ಟಿದ್ದೇನೆ, ಗುಳಿ, ನುಣುಪು ಗುಳಿ, ಗುಳಿಯ ತುಂಬ ಬಿಸಿಲು, ಬೆಚ್ಚಗಿದೆ ಗೊಮ್ಮೊ, ಗುಳಿ, ಬಿಸಿಲು,